ಡಾಲ್ಫಿನ್ ಮೇಡಂಗೆ ಗುಬ್ಬಿಯ ಪ್ರಶ್ನೆ

ಬಟ್ಟೆ ಒಗೆಯುವ ಮುಂಚೆ ಜೇಬು ನೋಡುವ ಅಭ್ಯಾಸ ಪ್ಲಂಬರ್‌ಗೆ ಇರಲಿಲ್ಲ. ಮಗಳ ಶಾಲೆಯ ಅಂಗಿಯನ್ನು ಸೋಪುನೀರಿನಲ್ಲಿ ಅದ್ದಿ ನಾಲ್ಕು ಸಲ ಕುಕ್ಕಿದ ಮೇಲೆ ಜೇಬಿನಿಂದ ಒಂದು ಚೀಟಿ ತೇಲಿ ಬಂತು. ನೊರೆ ಒರೆಸಿ ಓದಿದ.

"ನಿಮ್ಮ ಮಗಳು ಈ ವರ್ಷ ತರಗತಿಯಲ್ಲಿ ಒಂದು ಮಾತನ್ನೂ ಆಡಿಲ್ಲ. ಹೀಗಾದರೆ ಮುಂದಿನ ತರಗತಿಗೆ ಕಳಿಸುವುದು ಕಷ್ಟ. ಗುರುವಾರ ಹತ್ತು ಗಂಟೆಗೆ ಡಾಲ್ಫಿನ್‌ಗಳ ಬಗ್ಗೆ ಅಧ್ಯಯನ ಮಾಡುವ ಮೇಡಂ ಒಬ್ಬರು ಬರುತ್ತಿದ್ದಾರೆ. ಆಕೆಗೆ ಒಂದೇ ಒಂದು ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದರೂ ಸಾಕು. ಮನೆಯವರೂ ಬರಬಹುದು."

ಅವತ್ತು ಗುರುವಾರ. ಗಂಟೆ ಎಂಟೂವರೆ.

"ಗುಬ್ಬೀ! ಈ ಚೀಟಿ ನನಗ್ಯಾಕೆ ಕೊಡಲಿಲ್ಲ?"

ಒಂದೇ ಕಾಲಿಗೆ ಬೂಟು ಹಾಕಿಕೊಂಡು ಬಂದ ಏಳು ವರ್ಷದ ಗುಬ್ಬಿ ಬಾಯಿ ತೆರೆದಳು.

"ಹೆದರಿಕೆ ಆಯ್ತು, ಅಲ್ವಾ? ಇರಲಿ ಬಿಡು ಕಂದಾ," ಎಂದ ಅಪ್ಪ. ಗುಬ್ಬಿ ಬಾಯಿ ಮುಚ್ಚಿದಳು.

ಅಮ್ಮ ಬೇಕರಿಯ ಮೊದಲ ಪಾಳಿಗೆ ನಸುಕಿನಲ್ಲೇ ಹೋಗಿದ್ದಳು. ಆದರೆ ಆ ಕಟ್ಟಡದಲ್ಲಿ ಸಹಾಯಕ್ಕೆ ಯಾರನ್ನೂ ಕರೆಯಬೇಕಾಗಿರಲಿಲ್ಲ. ಗೋಡೆಗಳು ಅಷ್ಟು ತೆಳು. ಪಕ್ಕದ ಮನೆಯ ಟೈಲರ್ ಅಕ್ಕ ಕೊರಳಿಗೆ ಅಳತೆ ಟೇಪು ಹಾಕಿಕೊಂಡೇ ಬಂದಳು. ಎದುರು ಮನೆಯ ಕ್ಷೌರದಂಗಡಿಯವನು ಗಿರಾಕಿಯ ಗಡ್ಡ ಅರ್ಧಕ್ಕೇ ಬಿಟ್ಟು, ನೊರೆಯ ಬ್ರಷ್ಷು ಹಿಡಿದೇ ಬಂದ. ರಾತ್ರಿ ಕಾವಲು ಮುಗಿಸಿ ಆಗಷ್ಟೇ ಮಲಗಿದ್ದ ಮಹಡಿಯ ಅಜ್ಜ, ಒಂದು ಕಣ್ಣು ಮಾತ್ರ ತೆರೆದು ಮೆಟ್ಟಿಲಿಳಿದ. ಚೀಟಿ ಕೈಯಿಂದ ಕೈಗೆ ದಾಟಿ ಒಣಗಿತು.

"ಏನು ಕೇಳ್ತೀಯ ಚಿನ್ನಾ?" ಎಂದಳು ಅಕ್ಕ. ಗುಬ್ಬಿ ಬಾಯಿ ತೆರೆಯುವಷ್ಟರಲ್ಲಿ ಅವಳೇ ಮುಂದುವರಿದಳು. "ಬಾಣಂತನ ಯಾರು ಮಾಡ್ತಾರೆ ಅಂತ ಕೇಳು. ಸಮುದ್ರದಲ್ಲಿ ಪಾಪ, ಪಕ್ಕದ ಮನೆ ಅಂತ ಇರುತ್ತಾ?"

"ಬಾಣಂತನ ಯಾಕೆ? ಕೂದಲು ಇದೆಯಾ ಅಂತ ಕೇಳಮ್ಮ," ಎಂದ ಕ್ಷೌರದವನು.

"ನಿದ್ದೆ," ಎಂದ ಅಜ್ಜ ಆಕಳಿಸುತ್ತಾ. "ನಿದ್ದೆ ಯಾವಾಗ ಮಾಡುತ್ತೆ ಅಂತ ಕೇಳು. ಪುಣ್ಯವಂತ ಪ್ರಾಣಿ, ಅದರ ಬಾಗಿಲು ಯಾರೂ ಬಡಿಯಲ್ಲ."

ಅಪ್ಪನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ನೆತ್ತಿಯ ಮೇಲೆ ಮೂಗಿನ ತೂತು ಇಟ್ಟುಕೊಂಡು ಇಡೀ ದಿನ ನೀರಿನಲ್ಲಿರುತ್ತದಲ್ಲ, ಸೋರುವುದಿಲ್ಲವೇ? ಅಲ್ಲಿ ಯಾವ ವಾಷರ್ ಹಾಕಿದ್ದಾರೆ?

ಹತ್ತಕ್ಕೆ ಐದು ನಿಮಿಷವಿದ್ದಾಗ ನಾಲ್ವರು ದೊಡ್ಡವರು, ರೋಗಿಯನ್ನು ಆಸ್ಪತ್ರೆಗೆ ಕರೆತಂದವರಂತೆ, ಗುಬ್ಬಿಯನ್ನು ನಡುವೆ ಹಿಡಿದುಕೊಂಡು ಶಾಲೆಯ ಬಾಗಿಲಲ್ಲಿ ನಿಂತಿದ್ದರು. ಅತ್ತ ಕ್ಷೌರದವನ ಗಿರಾಕಿ ಅರ್ಧ ಮುಖ ಬೋಳಿಸಿಕೊಂಡು ಅಂಗಡಿಯ ಕುರ್ಚಿಯಲ್ಲೇ ಕಾಯುತ್ತಿದ್ದ. ಅದು ಯಾರಿಗೂ ನೆನಪಿರಲಿಲ್ಲ.

ತರಗತಿಯ ಹಿಂದಿನ ಸಾಲಿನಲ್ಲಿ ಮಕ್ಕಳ ಕುರ್ಚಿಗಳೇ ಇದ್ದವು. ಪ್ಲಂಬರ್ ಒಂದರಲ್ಲಿ ಹೇಗೋ ಇಳಿದು ಕುಳಿತ. ಡಾಲ್ಫಿನ್ ಮೇಡಂ ಬಿಸಿಲಿಗೆ ಕಂದಿದ ಮುಖದ, ನಗುಮುಖದ ಹೆಂಗಸು. ಮಕ್ಕಳು ಒಬ್ಬೊಬ್ಬರಾಗಿ ಕೇಳಿದರು. ಡಾಲ್ಫಿನ್ ಮೀನಲ್ಲ, ನಮ್ಮ ಹಾಗೆ ಗಾಳಿ ಉಸಿರಾಡುತ್ತದೆ, ಮರಿಗೆ ಹಾಲೂಡಿಸುತ್ತದೆ ಎಂದು ಆಕೆ ಹೇಳಿದಳು. ಒಂದೊಂದಕ್ಕೂ ತನ್ನದೇ ಒಂದು ಸೀಟಿ ಇರುತ್ತದಂತೆ, ಹೆಸರಿನ ಹಾಗೆ.

"ಈಗ ಗುಬ್ಬಿ," ಎಂದರು ಮೇಷ್ಟ್ರು. ಅವರ ಕೈಯಲ್ಲಿ ಪೆನ್ನು ಸಿದ್ಧವಾಗಿತ್ತು.

ಗುಬ್ಬಿ ಎದ್ದಳು. ಉಸಿರೆಳೆದುಕೊಂಡಳು.

"ಕೂದಲು!" ಎಂದು ಹಿಂದಿನಿಂದ ಕ್ಷೌರದವನು ಪಿಸುಗುಟ್ಟಿದ. ಆ ಪಿಸುಮಾತು ಅಂಗಳದವರೆಗೂ ಕೇಳಿಸಿತು.

"ಓ, ಒಳ್ಳೆ ಪ್ರಶ್ನೆ," ಎಂದಳು ಮೇಡಂ. "ಹುಟ್ಟಿದಾಗ ಮೂತಿ ಮೇಲೆ ನಾಲ್ಕಾರು ಮೀಸೆ ಕೂದಲು ಇರುತ್ತೆ. ಆಮೇಲೆ ಉದುರಿಹೋಗುತ್ತೆ."

"ಅಯ್ಯೋ, ಜೀವನಪೂರ್ತಿ ಒಬ್ಬ ಗಿರಾಕಿನೂ ಸಿಗಲ್ಲ," ಎಂದು ಆತ ಕುಸಿದ.

"ಮಗು ಕೇಳಲಿ," ಎಂದರು ಮೇಷ್ಟ್ರು.

ಗುಬ್ಬಿ ಮತ್ತೆ ಬಾಯಿ ತೆರೆದಳು.

"ಅವಳಿಗೆ ನಿದ್ದೆ ವಿಚಾರ ಬೇಕಂತೆ," ಎಂದ ಅಜ್ಜ.

"ಮಿದುಳಿನ ಅರ್ಧ ಭಾಗ ಮಲಗುತ್ತೆ, ಇನ್ನರ್ಧ ಎಚ್ಚರ ಇರುತ್ತೆ. ಒಂದು ಕಣ್ಣು ತೆರೆದೇ ಇರುತ್ತೆ. ಪೂರ್ತಿ ಮಲಗಿದ್ರೆ ಉಸಿರಾಡೋಕೆ ಮೇಲೆ ಬರೋರು ಯಾರು?"

"ನಮ್ಮ ಇಲಾಖೆನೇ!" ಎಂದ ಅಜ್ಜ. "ಸಂಬಳ ಎಷ್ಟಂತೆ?"

ಮಕ್ಕಳು ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ಮೇಜು ಕುಟ್ಟಿದರು. ಅಷ್ಟರಲ್ಲಿ ಟೈಲರ್ ಅಕ್ಕ ಬಾಣಂತನದ ವಿಷಯ ಕೇಳಿಯೇಬಿಟ್ಟಿದ್ದಳು.

"ಒಂಟಿಯಾಗಿ ಬಿಡಲ್ಲ," ಎಂದಳು ಮೇಡಂ. ಅವಳ ದನಿ ಮೆತ್ತಗಾಯಿತು. "ಎಷ್ಟೋ ಸಲ ಹೆರಿಗೆ ಹೊತ್ತಿಗೆ ಗುಂಪಿನ ಬೇರೆ ಹೆಣ್ಣು ಡಾಲ್ಫಿನ್‌ಗಳು ಹತ್ತಿರಾನೇ ಇರ್ತವೆ. ಮರಿಯನ್ನ ಮೊದಲ ಉಸಿರಿಗೆ ಮೇಲೆ ತಳ್ಳೋಕೂ ಸಹಾಯ ಮಾಡ್ತವೆ. ತಾಯಿ ಬೇಟೆಗೆ ಹೋದ್ರೆ ಮರಿ ಜೊತೆ ಈಜೋಕೆ ಯಾರಾದ್ರೂ ಚಿಕ್ಕಮ್ಮ ಇರ್ತಾಳೆ."

ಪ್ಲಂಬರ್ ಅಕ್ಕನ ಕಡೆ ತಿರುಗಿ ನೋಡಿದ. ಗುಬ್ಬಿ ಹುಟ್ಟಿದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಅವನ ಜೊತೆ ಕೂತಿದ್ದವಳು ಇದೇ ಅಕ್ಕ. ಹಲ್ಲು ಬರುವಾಗ ಮಗು ಅತ್ತರೆ ಕಾವಲಿನ ಅಜ್ಜನೇ ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ತಿರುಗುತ್ತಿದ್ದ. ಅವಳ ಮೊದಲ ಕೂದಲು ಕತ್ತರಿಸಿ, ಎರಡೆಳೆ ಕಾಗದದಲ್ಲಿ ಕಟ್ಟಿಟ್ಟುಕೊಂಡವನು ಈ ಕ್ಷೌರದವನು. ಇವರಿಗೆ ಒಮ್ಮೆಯಾದರೂ ಬಾಯಿಬಿಟ್ಟು ಥ್ಯಾಂಕ್ಸ್ ಹೇಳಿದ್ದೇನೆಯೇ? ಕೆಟ್ಟ ನಲ್ಲಿಗಳನ್ನು ದುಡ್ಡಿಲ್ಲದೆ ಸರಿಮಾಡಿಕೊಟ್ಟಿದ್ದಷ್ಟೇ. ಅವನ ಕಣ್ಣು ತುಂಬಿತು. ಅಷ್ಟು ಒಳ್ಳೆಯ ಜನರ ನಡುವೆ ಕೂತ ಸಂತೋಷಕ್ಕೆ, ಬಂದ ಕೆಲಸವೇ ಮರೆತುಹೋಯಿತು.

"ಮೇಡಂ!" ಎಂದು ಎದ್ದುನಿಂತ. ಕುರ್ಚಿಯೂ ಅವನ ಜೊತೆಗೇ ಎದ್ದಿತು. "ಆ ನೆತ್ತಿ ಮೇಲಿನ ತೂತು ಸೋರಲ್ವಾ?"

"ಸೋರಲ್ಲ. ಸುಮ್ಮನಿದ್ದಾಗ ಅದು ಮುಚ್ಚಿಕೊಂಡೇ ಇರುತ್ತೆ. ತೆರೆಯಬೇಕಾದ್ರೆ ಮಾತ್ರ ಸ್ನಾಯು ಕೆಲಸ ಮಾಡುತ್ತೆ."

"ಸುಮ್ಮನಿದ್ದಾಗ ಮುಚ್ಚಿಕೊಂಡಿರೋ ವಾಲ್ವ್! ಕೇಳಿದ್ರಾ ಮೇಷ್ಟ್ರೇ? ಇಪ್ಪತ್ತು ವರ್ಷದಿಂದ ನಾನು ಇದನ್ನೇ ಹುಡುಕ್ತಾ ಇದೀನಿ!"

"ಸ್ವಾಮೀ," ಎಂದರು ಮೇಷ್ಟ್ರು ಗಡಿಯಾರ ನೋಡಿ, "ಎರಡೇ ನಿಮಿಷ ಉಳಿದಿದೆ. ನಿಮ್ಮ ಮಗಳು ಇನ್ನೂ ನಿಂತೇ ಇದಾಳೆ."

"ಕ್ಷಮಿಸಿ, ಕೊನೆಯದೊಂದು." ಪ್ಲಂಬರ್ ಬೆನ್ನ ಹಿಂದಿನ ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದು ಎದೆ ಸೆಟೆಸಿದ. "ಚಿಕ್ಕಮ್ಮಂದಿರು ಇಷ್ಟೆಲ್ಲ ಮಾಡ್ತಾರೆ ಸರಿ. ಅಪ್ಪ ಡಾಲ್ಫಿನ್ ಏನು ಮಾಡುತ್ತೆ?"

ಮೇಡಂ ಸಂಕೋಚದಿಂದ ನಕ್ಕಳು. "ಏನೂ ಮಾಡಲ್ಲ. ಮರಿ ಸಾಕೋದಕ್ಕೆ ಅದು ಬರೋದೇ ಇಲ್ಲ."

ಪ್ಲಂಬರ್‌ನ ಬಾಯಿ ತೆರೆದುಕೊಂಡಿತು, ಆದರೆ ಏನೂ ಹೊರಡಲಿಲ್ಲ. ಅಕ್ಕ ಪಾಪವೆನಿಸಿ ನೆಲ ನೋಡಿದಳು. ಕ್ಷೌರದವನು ಕಿಟಕಿ ನೋಡಿದ. ಅಜ್ಜ ತೆರೆದಿದ್ದ ಕಣ್ಣನ್ನೂ ಮುಚ್ಚಿಕೊಂಡ. ಏಳು ವರ್ಷಗಳಲ್ಲಿ ಮೊದಲ ಬಾರಿಗೆ ಆ ನಾಲ್ವರೂ ಒಟ್ಟಿಗೇ ಸುಮ್ಮನಾಗಿದ್ದರು.

ಆ ನಿಶ್ಶಬ್ದದಲ್ಲಿ ಗುಬ್ಬಿ ಸುತ್ತ ಒಮ್ಮೆ ನೋಡಿದಳು. ಯಾರೂ ಮಾತಾಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಹೆದರಿಕೆಯಾಗಲಿ ತಡವರಿಕೆಯಾಗಲಿ ಇಲ್ಲದ, ಕೊನೆಯ ಬೆಂಚಿಗೂ ಸ್ಪಷ್ಟವಾಗಿ ಮುಟ್ಟುವ ದನಿಯಲ್ಲಿ ಕೇಳಿದಳು:

"ಮೇಡಂ, ಅಪ್ಪ ಬರೋದೇ ಇಲ್ಲ ಅಂದ್ರೆ, ಮರಿ ಬಾಯಿ ತೆರೆದಾಗೆಲ್ಲ ಅದರ ಬದಲು ಮಾತಾಡೋರು ಯಾರು?"