ನಾಲ್ಕಡಿ ಸೂರು

ಯಾರಾದರೂ ಒಂದು ಸಂಖ್ಯೆ ಹೇಳಿದರೆ ಅದರ ಅರ್ಧ ಹೇಳದ ಹೊರತು ನನಗೆ ಸಮಾಧಾನವಿಲ್ಲ. ಬೆಳಗಾವಿಯ ರವಿವಾರ ಪೇಟೆಯಲ್ಲಿ ಚೀಲ ಹೊತ್ತು, ಆಮೇಲೆ ಅಲ್ಲೇ ಅಂಗಡಿ ಇಟ್ಟವನು ನಾನು. ಮೊದಲ ಮಾತಿಗೇ ಒಪ್ಪುವವನನ್ನು ಅಲ್ಲಿ ಕನಿಕರದಿಂದ ನೋಡುತ್ತಾರೆ. ಡಾಕ್ಟರು ಹತ್ತು ದಿನ ಗುಳಿಗೆ ನುಂಗಿ ಎಂದಾಗಲೂ "ಐದಕ್ಕ ಮುಗಸ್ರಿ" ಎಂದಿದ್ದೆ. ನೀವೂ ಮನೆ ಕಟ್ಟಿಸುವವರಾದರೆ ಕೇಳಿ: ಕಲ್ಲಿಗೆ, ಹಂಚಿಗೆ, ಬಾಗಿಲಿಗೆ ಬೇಕಾದಷ್ಟು ಚೌಕಾಸಿ ಮಾಡಿ. ಸೂರಿನ ತಂಟೆಗೆ ಮಾತ್ರ ಹೋಗಬೇಡಿ.

ಅಂಗಡಿಯ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿದ ನನ್ನ ಹೆಂಡತಿ ಗಿರಿಜಾ ಕೇಳಿದ್ದು ಒಂದೇ, ಕೂತಲ್ಲಿಂದ ಗಿಡ ಕಾಣುವ ಸಣ್ಣ ಮನೆ. ಖಾನಾಪುರ ತಾಲೂಕಿನ ಜಾಂಬೋಟಿಯಲ್ಲಿ ಜಾಗ ಸಿಕ್ಕಿತು. ಕಾರವಾರದ ಕಡಲಂಚಿನಲ್ಲಿ ಇಂಥ ಮನೆಗಳನ್ನೇ ಕಟ್ಟಿಸುವ ಆರ್ಕಿಟೆಕ್ಟ್ ಹುಡುಗಿಯೊಬ್ಬಳು ನಕ್ಷೆ ತಂದಳು. ಎರಡೇ ಕೋಣೆ, ಕೆಂಪು ಜಂಬಿಟ್ಟಿಗೆ ಕಲ್ಲು, ಮಣ್ಣಿನ ಗಾರೆ, ಹಳೆಯ ಹಂಚು. ಇಳಿಜಾರನ್ನು ಅಗೆಯುವಂತಿಲ್ಲ, ಇದ್ದ ಹಲಸಿನ ಮರವನ್ನು ಮುಟ್ಟುವಂತಿಲ್ಲ.

"ಸೂರು ಗೋಡೆಯಿಂದ ನಾಲ್ಕಡಿ ಹೊರಗೆ ಬರ್ಬೇಕು" ಎಂದಳು.

"ಎರಡು ಮಾಡ್ರಿ" ಎಂದಿತು ನನ್ನ ನಾಲಿಗೆ.

"ಅಂಕಲ್, ಇದು ರೇಟಲ್ಲ, ಅಳತೆ!"

ನಾನು ಎದ್ದು ಹೊರಟೆ. ಪೇಟೆಯವರಾಗಿದ್ದರೆ ಬೆನ್ನ ಹಿಂದಿನಿಂದ ಕೂಗಿ ಕರೆದು ಮೂರಕ್ಕೆ ನಿಲ್ಲಿಸುತ್ತಿದ್ದರು. ಆ ಹುಡುಗಿಗೆ ಈ ಪದ್ಧತಿ ಗೊತ್ತಿಲ್ಲ. ನಿಜವಾಗಿಯೂ ಹೊರಟೆನೆಂದು ಹೆದರಿ ಎರಡಕ್ಕೇ ಒಪ್ಪಿಬಿಟ್ಟಳು. ಆ ರಾತ್ರಿ ಎರಡು ಹೋಳಿಗೆ ಹೆಚ್ಚು ತಿಂದೆ.

ಗೋಡೆ ಎದ್ದು ಹಂಚು ಹೊದಿಸಿದ ಮೇಲಿನ ಮೊದಲ ಮಳೆ ನೆಟ್ಟಗೆ ಬೀಳಲಿಲ್ಲ, ಪಡುವಣದಿಂದ ಅಡ್ಡ ಹೊಡೆಯಿತು. ಗೋಡೆಯ ಸಂದುಗಳಿಂದ ಹಸಿ ಗಾರೆ ಕೆಂಪಗೆ ಇಳಿಯತೊಡಗಿತು. ಅದನ್ನು ಕಟ್ಟಿದ ಗೌಂಡಿ ಇಸ್ಮಾಯಿಲ್ ಗೋಡೆಗೆ ಅಂಗೈ ಇಟ್ಟು ನೋಡಿದ.

"ಸಾವಕಾರ್ರ, ಸಂಜಿತನಕಾ ಹಿಂಗ ಬಡದ್ರ ಈ ಗ್ವಾಡಿ ನಿಂದ್ರಂಗಿಲ್ರಿ."

ಅವನೊಂದು ತುದಿ, ನಾನೊಂದು ತುದಿ ಮಳೆಗೆ ಅಡ್ಡವಾಗಿ ತಾಡಪತ್ರಿಯ ಹೊದಿಕೆ ಹಿಡಿದು ಗೋಡೆಗೆ ಬೆನ್ನು ಕೊಟ್ಟು ನಿಂತೆವು. ಗಾಳಿ ಎಳೆದಾಗಲೆಲ್ಲ ನನ್ನ ತುದಿಯನ್ನು ಎರಡೂ ಕೈಯಿಂದ ಜಗ್ಗಿ ಹಿಡಿದೆ. ಬೆನ್ನಿಗೆ ತಾಗಿದ ಕಲ್ಲೊಂದು ಒಮ್ಮೆ ಅಲುಗಿತು. ಹೆಗಲು ಒತ್ತಿ ಅದನ್ನು ಅಲ್ಲೇ ತಡೆದೆ. ಹಲಸಿನ ಮರದ ಕೆಳಗೆ ಕೊಡೆ ಹಿಡಿದು ನಿಂತಿದ್ದ ಗಿರಿಜಾಳ ಕಣ್ಣು ಗೋಡೆಯ ಮೇಲೇ ಇತ್ತು.

"ಮಳಿಗೂ ಹೇಳ್ರಲಾ," ಎಂದಳು, "ಅರ್ಧಾ ಬೀಳು ಅಂತ."

ನಾನು ತಾಡಪತ್ರಿಯ ತುದಿಯನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡೆ.

ಕತ್ತಲಾಗುವ ಮೊದಲು ಮಳೆ ಸಣ್ಣಗಾಯಿತು. ಗೋಡೆ ನಿಂತಿತು. ಮರುದಿನ ಬಂದ ಹುಡುಗಿ ಕಲ್ಲುಗಳನ್ನು ಒಂದೊಂದಾಗಿ ತಟ್ಟಿ ನೋಡಿ, ಇಸ್ಮಾಯಿಲನ ಮುಖ ನೋಡಿದಳು. ಅವನು ಹಲಸಿನ ಮರ ನೋಡಿದ.

"ಹಂಚಿನ ಮಾಡು ಬಿಚ್ಚಿ ಮತ್ತೆ ಹೊದಿಸ್ಬೇಕು ಅಂಕಲ್. ಸೂರು ಆರಡಿ ಬೇಕು."

"ಆರೇನ್ರಿ? ನಾಲ್ಕ ಮಾಡ್ರಿ!" ನಿನ್ನೆಯ ಮಳೆ ಕಂಡ ಮೇಲೆ ಅರ್ಧ ಎನ್ನಲು ನಾಲಿಗೆಗೂ ಧೈರ್ಯ ಬರಲಿಲ್ಲ.

ಅವಳು ನಿಟ್ಟುಸಿರಿಟ್ಟು, "ಆಯ್ತು, ನಿಮ್ಮಿಷ್ಟ" ಎಂದಳು.

ಗೆದ್ದ ಹುಮ್ಮಸ್ಸಿನಲ್ಲಿ ಬೆಳಗಾವಿಯ ಅರ್ಧ ದಾರಿ ಬಂದ ಮೇಲೆಯೇ, ಗಿರಿಜಾ ಕಾರಿನ ಕಿಟಕಿಯ ಕಡೆ ಮುಖ ತಿರುಗಿಸಿ ಅಷ್ಟು ಹೊತ್ತಿನಿಂದ ಯಾಕೆ ನಗುತ್ತಿದ್ದಾಳೆಂದು ನನಗೆ ಹೊಳೆದದ್ದು. ಹಾಗಿದ್ದರೂ ಪೇಟೆಯಲ್ಲಿ ಯಾರಾದರೂ ಕೇಳಿದರೆ ಹೇಳುತ್ತೇನೆ: ಆರಿದ್ದದ್ದನ್ನು ನಾಲ್ಕಕ್ಕೆ ಇಳಿಸಿದೆ.