ಅರಕೆರೆ ತೂಬಿನಲ್ಲಿ ಹೃದಯದ ಪಾಠ

ಪಾಠ ಹೇಳುವವರಿಗೆಲ್ಲ ತಾವು ಬಹಳ ಚೆನ್ನಾಗಿ ಹೇಳುತ್ತೇವೆಂಬ ಭ್ರಮೆ ಇರುತ್ತದೆ. ಅದು ಸಂಬಳದ ಜೊತೆಗೇ ಬರುವ ಸೌಲಭ್ಯ. ವೈದ್ಯಕೀಯ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಹೃದಯದ ಪಾಠ ಮಾಡುವ ನನಗೂ ಅದು ಧಾರಾಳವಾಗಿತ್ತು. ಮಧ್ಯಾಹ್ನ ಹಾಸ್ಟೆಲಿನಲ್ಲಿ ಮುದ್ದೆ, ಬಸ್ಸಾರು ಹೊಡೆದು ಬಂದ ಮಕ್ಕಳು ನನ್ನ ಮಾತಿಗೆ ತಲೆದೂಗುವುದನ್ನು ಮೆಚ್ಚುಗೆ ಎಂದೇ ಬಗೆದಿದ್ದೆ. ಅದು ತೂಕಡಿಕೆ ಎಂದು ತಿಳಿಸಿದವರು ನಮ್ಮ ಪ್ರಿನ್ಸಿಪಾಲ್ ಮೇಡಂ.

"ಇ-ಕಲಿಕೆ ಶುರು ಮಾಡಿ ಸರ್" ಎಂದರು. ಪಾಠವನ್ನು ವಿಡಿಯೊ ಮಾಡಿ ಮೊದಲೇ ಕಳಿಸಬೇಕು. ಮಕ್ಕಳು ನೋಡಿಕೊಂಡು ಬರಬೇಕು. ತರಗತಿಯಲ್ಲಿ ಬರೀ ಪ್ರಶ್ನೆ, ಚರ್ಚೆ. "ನಾನೂ ಬಂದು ಕೂರುತ್ತೇನೆ. ಆಗಲೂ ಎಲ್ಲರೂ ಮಲಗಿದರೆ ಹೃದಯವನ್ನು ಬೇರೆಯವರಿಗೆ ಕೊಡೋಣ. ನೀವು ಜೀರ್ಣಾಂಗ ತಗೊಳ್ಳಿ." ನನಗೆ ಜೀವವೇ ಬಾಯಿಗೆ ಬಂತು. ಇಷ್ಟು ಕಾಲ ಹೃದಯದಲ್ಲಿ ಬಾಳಿದವನು ಈ ವಯಸ್ಸಿನಲ್ಲಿ ದೊಡ್ಡ ಕರುಳಿಗೆ ಇಳಿಯುವುದೆಂದರೇನು!

ಗಂಜಾಂನ ನಮ್ಮ ಮನೆಯಲ್ಲಿ ಮೊಬೈಲು ಹಿಡಿದು "ಹೃದಯಕ್ಕೆ ನಾಲ್ಕು ಕೋಣೆ" ಎನ್ನುವಷ್ಟರಲ್ಲಿ ಪಕ್ಕದ ದೇವಸ್ಥಾನಕ್ಕೆ ಬಂದವರು ಯಾರಾದರೂ ಗೇಟು ತಟ್ಟಿ, ಕಾರು ನಿಲ್ಲಿಸಲು ಜಾಗ ಕೇಳುತ್ತಿದ್ದರು. ಬೇಸತ್ತು ಸ್ಕೂಟರ್ ಹತ್ತಿ ಅರಕೆರೆಯ ನಮ್ಮ ಗದ್ದೆಗೆ ಹೋದೆ. ಅಲ್ಲಿ ಕಾಲುವೆಯ ತೂಬು ಕಂಡಿತು. ನೀರು ಬಿಡಲು, ತಡೆಯಲು ಅದಕ್ಕೊಂದು ಹಲಗೆ. ಹೃದಯದ ಕವಾಟ ಮಾಡುವುದೂ ಅದೇ ಕೆಲಸ ತಾನೆ? ಮೊಬೈಲನ್ನು ಸ್ಕೂಟರ್ ಸೀಟಿಗೆ ಒರಗಿಸಿ, ಪಂಚೆ ಎತ್ತಿ ಕಟ್ಟಿ, "ಕವಾಟ ಕಿರಿದಾದರೆ ಹೀಗಾಗುತ್ತದೆ" ಎನ್ನುತ್ತ ಹಲಗೆಯನ್ನು ಇಳಿಸಿದೆ. ಸಂದಿಯಲ್ಲಿ ನೀರು ಬುಸ್ಸೆಂದು ನುಗ್ಗಿ ನನ್ನ ಮಾತನ್ನೇ ಮುಳುಗಿಸಿತು.

ಅಂದಿನ ನೀರಿನ ಸರದಿ ಕೆಳಗದ್ದೆಯ ಜವರಪ್ಪನದು ಎಂಬುದು ನನಗೆ ಮರೆತೇಹೋಗಿತ್ತು. ಇನ್ನೊಬ್ಬರ ಸರದಿಯಲ್ಲಿ ತೂಬು ಮುಟ್ಟುವುದು ನಮ್ಮ ಕಡೆ ಸಣ್ಣ ತಪ್ಪಲ್ಲ. ಮಣ್ಣೆತ್ತುವ ಸನಿಕೆ ಹಿಡಿದು ಜವರಪ್ಪ ಓಡಿಬಂದ.

"ಯಾವನ್ಲಾ ಅವ್ನು ನೀರ್ ನಿಲ್ಸ್ದೋನು? ಓ, ಡಾಕ್ಟ್ರಾ! ಓದ್ದೋರು ನೀವೇ ಇಂಗ್ ಮಾಡ್ಬುಟ್ರೆ ಎಂಗೆ? ಅಲ್ಲಿ ನನ್ ಪೈರು ಒಣಗೋಯ್ತಾದೆ!"

ನಾನು "ತಪ್ಪಾಯ್ತು ಜವರಪ್ಪಾ" ಎಂದದ್ದೂ ಸೇರಿ ಎಲ್ಲವೂ ರೆಕಾರ್ಡಾಯಿತು. ಮತ್ತೆ ತೆಗೆಯೋಣವೆಂದರೆ ಜವರಪ್ಪ ತೂಬಿನ ಮೇಲೆಯೇ ಕೂತುಬಿಟ್ಟ. ಹೆಣ ಕೊಯ್ದು ಕಲಿತ ನನಗೆ ವಿಡಿಯೊ ಕತ್ತರಿಸಲು ಬರಲಿಲ್ಲ. ಬೈಗುಳ ಸಮೇತ ಕಳಿಸಿದೆ.

ಮರುದಿನ ಮೇಡಂ ಹಿಂದಿನ ಬೆಂಚಿನಲ್ಲಿ ಕೂತರು. "ಆ ವಿಡಿಯೊದಲ್ಲಿ ಬರೀ ಸದ್ದು ಸರ್" ಎಂದು ಗಂಭೀರವಾಗಿ ಹೇಳಿದರು. ನಾನು ಜೀರ್ಣಾಂಗಕ್ಕೆ ಮಾನಸಿಕವಾಗಿ ಸಿದ್ಧನಾಗಿ, ಒಬ್ಬ ರೋಗಿಯ ಎದೆಬಡಿತವನ್ನು ಸ್ಪೀಕರಿನಲ್ಲಿ ಹಾಕಿ, ಇದೇನೆಂದು ಕೇಳಿದೆ. ಲಬ್‌, ಬುಸ್ಸ್‌, ಡಬ್‌. ಕೆ.ಆರ್. ಪೇಟೆಯ ಸವಿತಾ, ನನ್ನ ಪಾಠದಲ್ಲಿ ಎಂದೂ ಕಣ್ಣು ಬಿಡದವಳು, ಎದ್ದು ನಿಂತಳು.

"ಸಾರ್, ಇದು ಜವರಪ್ಪನ ತೂಬು!"

ತರಗತಿ ಘೊಳ್ಳೆಂದಿತು. ಮೇಡಂ ನಗಲಿಲ್ಲ. "ಬಿಡಿಸಿ ಹೇಳಮ್ಮಾ" ಎಂದರು.

"ಕವಾಟ ಪೂರ್ತಿ ತೆರ್ಕೊತಿಲ್ಲ ಮೇಡಂ. ಸಂದೀಲಿ ರಕ್ತ ನುಗ್ಗೋ ಸದ್ದಿದು. ಮುಂದಕ್ಕೆ ರಕ್ತ ಸಾಲ್ದೆ ರೋಗಿ ತಲೆಸುತ್ತಿ ಬೀಳ್ಬೋದು. ಅದೇ ಪೈರು ಒಣಗೋದು."

ನಾಗಮಂಗಲದ ಹುಡುಗ ಎದ್ದ: "ಹಲಗೆ ಸರಿಯಾಗಿ ಮುಚ್ಕೊಳ್ದಿದ್ರೆ ಸಾರ್? ನೀರು ವಾಪಸ್ ಬರುತ್ತಲ್ಲ?" ಆಮೇಲೆ ಪ್ರಶ್ನೆಗಳ ಸುರಿಮಳೆ. ಗಂಟೆ ಹೊಡೆದರೂ ಒಬ್ಬರೂ ಏಳಲಿಲ್ಲ. ಮೇಡಂ ನನ್ನ ಕೈ ಕುಲುಕಿ, "ಹೃದಯ ನಿಮ್ಮದೇ ಸರ್" ಎಂದಾಗ ನನಗೆ ನಿಜಕ್ಕೂ ಕಣ್ಣು ತುಂಬಿತು. ಗೆದ್ದೆ! ಸ್ಟಾಫ್ ರೂಮಿಗೆ ಎದೆಯುಬ್ಬಿಸಿಕೊಂಡೇ ನಡೆದೆ.

ಬಾಗಿಲಲ್ಲಿ ಮಕ್ಕಳು ಮುತ್ತಿಕೊಂಡರು. ನನ್ನನ್ನು ಹೊಗಳಲಿಕ್ಕೆಂದುಕೊಂಡೆ. ಮುಂದಿನ ವಿಡಿಯೊದಲ್ಲೂ ಜವರಪ್ಪ ಇರಲೇಬೇಕಂತೆ! ಭಾನುವಾರ ಅರಕೆರೆಗೆ ಹೋಗಿ, ಅವನನ್ನು ಇನ್ನೊಮ್ಮೆ ಕ್ಯಾಮೆರಾ ಮುಂದೆ ಹಾಗೇ ಬೈಯಬೇಕೆಂದು ವಿನಯದಿಂದ ಕೇಳಿದೆ.

ಜವರಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಕೇಳ್ಕೊಂಡ್ರೆ ಬೈಗ್ಳ ಬತ್ತದಾ ಡಾಕ್ಟ್ರೇ? ಓಗಿ, ತೂಬ್ ಮುಟ್ಟಿ. ತಾನಾಗೇ ಬತ್ತದೆ."