ವರ್ಷದ ಹನ್ನೊಂದು ತಿಂಗಳ ಮೇಲೆ ನನ್ನ ತಕರಾರು

ಮನುಷ್ಯರ ಮೇಲೆ ನನಗೆ ಸಿಟ್ಟು ಬರುವುದು ಕಡಿಮೆ. ಮನುಷ್ಯನಾದರೆ ಎದುರಿಗೆ ಕೂರುತ್ತಾನೆ. ಅವನೊಂದು ಬೆಲೆ ಹೇಳುತ್ತಾನೆ, ನಾನು ಅದರರ್ಧ ಹೇಳುತ್ತೇನೆ, ಇಬ್ಬರೂ ಸ್ವಲ್ಪ ಹೊತ್ತು ಮುಖ ಗಂಟಿಕ್ಕಿಕೊಂಡಿದ್ದು ಕೊನೆಗೆ ಒಂದು ಕಡೆ ಬಂದು ನಿಲ್ಲುತ್ತೇವೆ. ನನ್ನ ಸಿಟ್ಟೆಲ್ಲ ನಮ್ಮ ಬಯಲಿನ ಹವಾಮಾನದ ಮೇಲೆ. ಅದು ಎದುರಿಗೆ ಕೂರುವುದಿಲ್ಲ, ಮಾತಿಗೆ ಸಿಗುವುದಿಲ್ಲ, ಮುಂಗಡ ತೆಗೆದುಕೊಳ್ಳುವುದಿಲ್ಲ. ಮೈಸೂರಿನಿಂದ ಬಂದ ನೆಂಟರು ಅಂಗಳದಲ್ಲಿ ನಿಂತು ಮೈಮುರಿದು, 'ಆಹಾ, ನಿಮ್ಮ ನಂಜನಗೂಡಿನ ಕಡೆ ಹವಾ ಎಷ್ಟು ಚೆನ್ನಾಗಿದೆ, ಅತಿ ಮಳೆಯಿಲ್ಲ, ಅತಿ ಚಳಿಯಿಲ್ಲ' ಎಂದಾಗ ಅವರ ಕೈಯಲ್ಲಿರುವ ಕಾಫಿ ಲೋಟ ಕಿತ್ತುಕೊಳ್ಳಬೇಕು ಅನ್ನಿಸುತ್ತದೆ. ಅತಿ ಇಲ್ಲ, ನಿಜ. ಇರುವುದನ್ನೇ ಸರಿಯಾಗಿ ನಾವು ಬೇಡವೆಂದ ದಿನ ತಂದು ಸುರಿಯುವುದು ಈ ಹವಾಮಾನದ ಗುಣ.

ನನಗೇಕೆ ಇಷ್ಟು ಉರಿ ಎಂದರೆ, ನನ್ನದು ಶಾಮಿಯಾನದ ವ್ಯಾಪಾರ. ಒಂದು ಹರಕು ಜಮಖಾನ, ಎರವಲು ತಂದ ಬೊಂಬುಗಳಿಂದ ಶುರು ಮಾಡಿದವನು ನಾನು. ಈಗ ಸುತ್ತಿನ ಊರುಗಳಲ್ಲಿ ಯಾರ ಮನೆಯ ಮುಂದೆ ಕೆಂಪು ಹಳದಿ ಬಟ್ಟೆ ಕಂಡರೂ ಅದು ನನ್ನದೇ. ನೀವೇನಾದರೂ ಶಾಮಿಯಾನ ಹಾಕಿಸುವವರಿದ್ದರೆ ಒಂದು ಮಾತು ಹೇಳುತ್ತೇನೆ, ಕೇಳಿ: ಬಟ್ಟೆಯ ಬಣ್ಣ ನೋಡಬೇಡಿ, ಹಗ್ಗ ನೋಡಿ. ಹಗ್ಗ ಹಳೆಯದಾದರೆ ಬಟ್ಟೆ ಎಷ್ಟು ಹೊಸದಾದರೂ ಅದು ನಿಮ್ಮ ಮನೆಯ ಮುಂದೆ ಇರುವುದು ಗಾಳಿಗೆ ಮನಸ್ಸು ಬರುವ ತನಕ ಮಾತ್ರ. ಇಂಥ ಬುದ್ಧಿವಾದವನ್ನು ನಾನು ಊರಿಗೆಲ್ಲ ಪುಕ್ಕಟೆ ಹಂಚುತ್ತೇನೆ. ನಮ್ಮ ಮನೆಯಲ್ಲಿ ಮಾತ್ರ ಯಾರೂ ತೆಗೆದುಕೊಳ್ಳುವುದಿಲ್ಲ.

ಮಗಳು ಪಲ್ಲವಿಗೆ ಟಿ. ನರಸೀಪುರದ ಕಡೆ ಸಂಬಂಧ ಕೂಡಿಬಂತು. ಹುಡುಗ ಕಾಲೇಜಿನಲ್ಲಿ ಉಪನ್ಯಾಸಕ. ಹುಡುಗನ ತಂದೆ ಶಿವಮಲ್ಲಪ್ಪನವರು ರೇಷ್ಮೆ ಹುಳು ಸಾಕುವವರು, ಮಾತು ಬಹಳ ಕಡಿಮೆ. ಹೆಣ್ಣು ಒಪ್ಪಿಗೆ, ಗಂಡು ಒಪ್ಪಿಗೆ. ಉಳಿದದ್ದು ಮದುವೆ ಎಲ್ಲಿ, ಯಾವಾಗ ಎಂಬುದು. ಮಗಳಿಗೆ ಛತ್ರದಲ್ಲಿ ಆಗಬೇಕೆಂಬ ಆಸೆ. ಹೆಂಡತಿ ನಾಗರತ್ನಳಿಗೂ ಅದೇ. ನನಗೆ ರಕ್ತ ಕುದಿಯಿತು. ಊರಿಗೆಲ್ಲ ಶಾಮಿಯಾನ ಹಾಕಿದವನು ಸ್ವಂತ ಮಗಳನ್ನು ಯಾರದೋ ಕಾಂಕ್ರೀಟ್ ಮಾಡಿನ ಕೆಳಗೆ ಧಾರೆ ಎರೆದರೆ ನಾಳೆ ಗಿರಾಕಿಗಳು ನನ್ನ ಮುಖ ನೋಡಿ ಏನನ್ನಬೇಕು? ಹೋಟೆಲಿನವನು ಎದುರು ಹೋಟೆಲಿನಲ್ಲಿ ಕೂತು ದೋಸೆ ತಿಂದ ಹಾಗೆ. ಮನೆಯ ಪಕ್ಕದ ಖಾಲಿ ಜಾಗದಲ್ಲಿ ನನ್ನದೇ ಹೊಸ ಬಟ್ಟೆ, ನನ್ನದೇ ಹೊಸ ಹಗ್ಗ. ಮದುವೆ ಅಲ್ಲೇ ಎಂದು ಮನಸ್ಸಿನಲ್ಲಿ ತೀರ್ಮಾನಿಸಿದೆ. ತಿಂಗಳನ್ನೂ ಆರಿಸಿದೆ: ಫೆಬ್ರವರಿ. ನಮ್ಮ ಬಯಲಿನಲ್ಲಿ ಮನುಷ್ಯನನ್ನು ಮನುಷ್ಯನಂತೆ ನಡೆಸಿಕೊಳ್ಳುವ ತಿಂಗಳು ಅದೊಂದೇ.

ಆದರೆ ಬೇಕಾದದ್ದನ್ನು ಮೊದಲೇ ಬಾಯಿ ಬಿಟ್ಟು ಕೇಳುವವನು ವ್ಯಾಪಾರಿಯಲ್ಲ. ಸಂತೆಯಲ್ಲಿ ನಿಮಗೆ ಒಂದು ಕುಂಬಳಕಾಯಿ ಇಷ್ಟವಾದರೆ ಅದರ ಕಡೆ ನೋಡಲೇಬಾರದು; ಅಕ್ಕಪಕ್ಕದ ಕಾಯಿಗಳನ್ನೆಲ್ಲ ತಟ್ಟಿ ತಟ್ಟಿ ಹಳಿಯಬೇಕು. ಕೊನೆಗೆ ಬೇಸತ್ತ ವ್ಯಾಪಾರಿಯೇ ನಿಮಗೆ ಬೇಕಾದದ್ದನ್ನು ಎತ್ತಿಕೊಡುತ್ತಾನೆ. ದೀಪಾವಳಿ ಕಳೆದು ಬೀಗರು ಮಾತುಕತೆಗೆ ಬಂದಾಗ ನಾನು ಇದೇ ಉಪಾಯ ಹೂಡಿದೆ. ಹೊರಗೆ ಜಿಟಿಜಿಟಿ ಮಳೆ. ಮದರಾಸಿನ ಕಡೆ ಸಮುದ್ರದಲ್ಲಿ ಏನೋ ಎದ್ದಿತ್ತಂತೆ. ಅಲ್ಲಿ ಎದ್ದದ್ದಕ್ಕೆ ಇಲ್ಲಿ ನನ್ನ ಬಟ್ಟೆ ಒಣಗುತ್ತಿರಲಿಲ್ಲ. ನಡುಮನೆಯ ತುಂಬ ಒದ್ದೆ ಶಾಮಿಯಾನ ನೇತುಹಾಕಿತ್ತು, ಬೀಗರು ಅದರಡಿ ತಲೆ ಬಗ್ಗಿಸಿ ಒಳಗೆ ಬಂದರು. ಹೆಮ್ಮರಗಾಲದ ಪುಟ್ಟಸ್ವಾಮಿ ಎಂಬ ಗಿರಾಕಿಯೂ ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ. ಅವನು ಮನೆ ಕಟ್ಟಿಸುತ್ತಿದ್ದ. ಗೃಹಪ್ರವೇಶ ಯಾವ ತಿಂಗಳೆಂದು ಗೊತ್ತಾಗಿರಲಿಲ್ಲ, ಬಾಡಿಗೆ ವಿಚಾರಿಸಿಕೊಂಡು ಹೋಗಲು ಬಂದಿದ್ದ. 'ಐದು ನಿಮಿಷ ಕೂತಿರು' ಎಂದೆ.

"ಯಾವ ತಿಂಗ್ಳು ಮಾಡನ ಏಳಿ ಬೀಗ್ರೇ" ಎಂದರು ಶಿವಮಲ್ಲಪ್ಪನವರು. "ಮೇ ತಿಂಗ್ಳಾದ್ರೆ ಎಂಗೆ?"

"ಮೇನಾ?" ಎಂದೆ. ಇಲ್ಲಿಂದ ಮುಂದೆ ನಾನು ಉಪಾಯಕ್ಕೆಂದು ಮಾತಾಡಿದೆನೋ, ಒಳಗಿನ ಸಿಟ್ಟಿಗೆ ಮಾತಾಡಿದೆನೋ ನನಗೇ ತಿಳಿಯದು. "ಮೇನಲ್ಲಿ ಮಧ್ಯಾಹ್ನದ ತನಕ ಆಕಾಶ ನೀಲಿ. ಊಟಕ್ಕೆ ಎಲೆ ಹಾಕಿ ಪಾಯಸ ಬಡಿಸೋ ಹೊತ್ತಿಗೆ ಎಲ್ಲಿತ್ತೋ ಗಾಳಿ! ಹೆಡತಲೆಯಲ್ಲಿ ಒಂದು ಮದುವೇಲಿ ನನ್ನ ಶಾಮಿಯಾನ ಬೊಂಬು ಸಮೇತ ಎದ್ದೋಯ್ತು ಕಣ್ರೀ. ಎರಡು ಹೊಲ ದಾಟಿ ಯಾವನದೋ ಬಾಳೆ ತೋಟದ ಮೇಲೆ ಕೂತ್ಕತ್ತು. ಅವನು ಗಿಡ ಮುರಿದದ್ದಕ್ಕೆ ಪರಿಹಾರ ಕೊಡು ಅಂದ. ನಿನ್ನ ತೋಟಕ್ಕೆ ಬೇಸಿಗೇಲಿ ನೆರಳು ಹಾಕಿದೀನಿ, ನೀನೇ ಬಾಡಿಗೆ ಕೊಡು ಅಂದೆ. ಹೊಡೆಯೋಕೇ ಬಂದುಬುಟ್ಟ!"

ಬೀಗರು ನಗಲಿಲ್ಲ. ತಲೆ ಆಡಿಸಿ, "ಮಾರ್ಚಿ, ಏಪ್ರಿಲ್ಲು?" ಎಂದರು.

"ಬಟ್ಟೆ ಕೆಳಗೆ ಕೂತವರು ಇಡ್ಲಿ ಬೆಂದಂಗೆ ಬೇಯ್ತಾರೆ. ತಾಳಿ ಕಟ್ಟೋ ಹೊತ್ತಿಗೆ ಪುರೋಹಿತರೇ ನೀರು ನೀರು ಅಂತಾರೆ."

"ಜೂನು?"

"ಜೂನು ಜುಲೈ ಹೆಸರಿಗೆ ಮಳೆಗಾಲ. ಮಳೆ ಎಲ್ಲಿ ಬರುತ್ತೆ? ಬೀಳೋ ತುಂತುರು ಅಂಗಳ ಸಾರಿಸೋಕೂ ಸಾಲಲ್ಲ. ಗಾಳಿ ಮಾತ್ರ! ಆಷಾಢದಲ್ಲಿ ಮದುವೆ ಬೇಡ ಅಂತ ಹಿರೀಕರು ಮಾಡಿದ್ದು ಶಾಸ್ತ್ರಕ್ಕಲ್ಲ ಬೀಗ್ರೇ, ಗಾಳಿಗೆ. ತಾಂಡವಪುರದ ಬಯಲಲ್ಲಿ ಒಂದು ಆರತಕ್ಷತೆಗೆ ಹಾಕಿದ್ದೆ. ಸಾರಿನಲ್ಲಿ ಬೇಳೆ ಹುಡುಕಿದೋರಿಗೆ ಮಣ್ಣು ಸಿಕ್ತು."

"ಶ್ರಾವಣ?"

ಶ್ರಾವಣದ ಹೆಸರೆತ್ತಿದರೆ ನನಗೆ ನಿಂತ ನಿಲುವಿನಲ್ಲಿ ಮೈ ಉರಿಯುತ್ತದೆ. "ನಮ್ಮೂರಲ್ಲಿ ಒಂದು ಹನಿ ಬಿದ್ದಿರಲ್ಲ. ಮಳೆಯೆಲ್ಲ ವಯನಾಡಿಗೆ, ನೀರೆಲ್ಲ ನಮಗೆ! ಬಿಸಿಲು ಚುರುಚುರು ಅಂತಿರುತ್ತೆ, ಕಪಿಲೆ ಸ್ನಾನಘಟ್ಟ ಹತ್ತಿ ಬಂದು ತಗ್ಗಿನ ಮನೆಗಳ ಬಾಗಿಲು ತಟ್ಟುತ್ತೆ. ಹೊಳೆ ಪಕ್ಕದ ಗೃಹಪ್ರವೇಶದಲ್ಲಿ ನನ್ನ ಕುರ್ಚಿಗಳು ತೇಲಿಕೊಂಡು ಹೊರಟ್ವು. ನಿಮ್ಮ ನರಸೀಪುರದ ಸಂಗಮದ ಹತ್ರ ಯಾರಿಗಾದ್ರೂ ಸಿಕ್ಕಿರಬೇಕು, ವಿಚಾರಿಸಿ."

"ಸಿಕ್ದೋರು ಕೊಟ್ಟಾರಾ ಬೀಗ್ರೇ" ಎಂದರು ಅವರು, ಅಷ್ಟೇ ಗಂಭೀರವಾಗಿ. ನಾನು ಉಸಿರು ತೆಗೆದುಕೊಂಡು ಮುಂದುವರಿಸಿದೆ. ಸೆಪ್ಟೆಂಬರ್, ಅಕ್ಟೋಬರಿನ ಸಂಜೆ ಮಳೆ, ಗಂಟೆ ಹೊತ್ತಿನಲ್ಲಿ ಅಂಗಳವನ್ನು ಕೆಸರುಗದ್ದೆ ಮಾಡಿ ಏನೂ ಮಾಡದವರ ಹಾಗೆ ನಕ್ಷತ್ರ ತೋರಿಸುವ ಅದರ ನಾಚಿಕೆಗೇಡಿತನ. ನವೆಂಬರ್, ಡಿಸೆಂಬರಿನ ಈ ಜಿಟಿಜಿಟಿ. "ಮೂಸಿ ನೋಡಿ" ಎಂದು ತಲೆಯ ಮೇಲಿನ ಬಟ್ಟೆಯ ಅಂಚನ್ನೇ ಅವರ ಮೂಗಿನ ಬಳಿ ಹಿಡಿದೆ. ಜನವರಿಯ ಮಂಜು, ಬೆಳಗಿನ ಮುಹೂರ್ತಕ್ಕೆ ಬಟ್ಟೆಯಿಂದ ತೊಟ್ಟಿಕ್ಕುವ ಇಬ್ಬನಿ ನೇರ ಮದುಮಗನ ಪೇಟದ ಮೇಲೆ. ಎಲ್ಲ ಹಳಿದು ಮುಗಿಸಿ ಹಿಂದಕ್ಕೆ ಒರಗಿ ಕೂತೆ. ಹನ್ನೊಂದು ಕುಂಬಳಕಾಯಿ ಬದಿಗೆ ಸರಿದಿದ್ದವು. ಇನ್ನು ಅವರೇ ಹನ್ನೆರಡನೆಯದನ್ನು ಎತ್ತಿಕೊಡಬೇಕು.

ಎತ್ತಿಕೊಟ್ಟರು. "ಅಂಗಾದ್ರೆ ಉಳಿದದ್ದು ಫೆಬ್ರವರಿ ಒಂದೇಯ."

"ನೀವು ಹೇಳಿದ ಮೇಲೆ ನಾನು ಬೇಡ ಅನ್ನಲಾ?" ಎಂದೆ, ದೊಡ್ಡ ಮನಸ್ಸು ಮಾಡಿದವನ ಹಾಗೆ.

"ಆದ್ರೆ ಬೀಗ್ರೇ, ಫೆಬ್ರವರಿ ಮಾರ್ಚಿ ಅಂದ್ರೆ ಮಕ್ಕಳ ಪರೀಕ್ಷೆ, ಆಮೇಲೆ ಪೇಪರ್ ತಿದ್ದೋದು. ನಮ್ಮ ಉಡುಗನಿಗೆ ಮದ್ವೆಗೂ ರಜಾ ಕೊಡಕ್ಕಿಲ್ಲ ಅಂತಾವ್ರೆ. ರಜಾ ಇರೋದು ಮೇನಲ್ಲೇಯ. ಅದ್ಕೇ ಮೊದ್ಲೇ ಮೇ ಅಂದಿದ್ದು." ಅವರು ವೀಳ್ಯದೆಲೆಗೆ ನಿಧಾನವಾಗಿ ಸುಣ್ಣ ಸವರಿದರು. "ಮೇ ಗಾಳಿ ವಿಚಾರ ನಿಮ್ಮಷ್ಟು ನಮಗೆ ಗೊತ್ತಿರನಿಲ್ಲ. ಈಗ ಗೊತ್ತಾಯ್ತು. ಎಲ್ಲಾ ತಿಳಿದೋರು ನೀವೇ ಇಂಗೆ ಅಂದ ಮೇಲೆ ಬಯಲಲ್ಲಿ ಮಾಡದು ಬ್ಯಾಡ. ಛತ್ರ ನೋಡ್ಬುಡನ."

ಹುಳು ಸಾಕಿದ ಮನುಷ್ಯ ನೋಡಿ. ಸೊಪ್ಪು ಹಾಕಿ ಸುಮ್ಮನೆ ಕೂತಿದ್ದರು, ನಾನೇ ನೂಲು ಬಿಟ್ಟು ಬಿಟ್ಟು ನನ್ನ ಸುತ್ತ ಗೂಡು ಕಟ್ಟಿಕೊಂಡಿದ್ದೆ. "ಹಾಗಲ್ಲ ಬೀಗ್ರೇ, ಗಾಳಿ ಏನು ಪ್ರತಿ ವರ್ಷ..." ಎನ್ನುವಷ್ಟರಲ್ಲಿ ಅಡುಗೆಮನೆ ಬಾಗಿಲಿಂದ ನಾಗರತ್ನ, "ಏನೂಂದ್ರೆ, ಬಾಳೆ ತೋಟದವನು ಹೊಡೆಯೋಕೆ ಬಂದಿದ್ದು ಸುಳ್ಳಾ ಹಾಗಾದ್ರೆ?" ಎಂದಳು. ಅವಳ ಹಿಂದೆ ಪಲ್ಲವಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಆ ನಗುವನ್ನು ನೋಡಿ ಛತ್ರಕ್ಕೆ ಹ್ಞೂಂ ಎಂದೆ. ಬಾಗಿಲ ಕಡೆ ತಿರುಗಿದರೆ ಪುಟ್ಟಸ್ವಾಮಿಯ ಕುರ್ಚಿ ಖಾಲಿ.

ಛತ್ರದ ಮ್ಯಾನೇಜರ್ ಎಂಬ ಎಳೆಯ ವಯಸ್ಸಿನವನ ಮುಂದೆ ನನ್ನ ವಿದ್ಯೆಯನ್ನೆಲ್ಲ ಪ್ರಯೋಗಿಸಿದೆ. ಗೋಡೆಯ ಬಿರುಕು ತೋರಿಸಿದೆ, ಊಟದ ಹಾಲಿನ ಕಿಟಕಿಗಳನ್ನು ಹಳಿದೆ. ಅವನು ಮೊಬೈಲಿನಿಂದ ಕಣ್ಣೆತ್ತದೆ, "ಫಿಕ್ಸೆಡ್ ರೇಟ್ ಸರ್" ಎಂದ. ಹವಾಮಾನದ ನಂತರ ನಾನು ಕಂಡ ಎರಡನೆಯ ಕಲ್ಲೆದೆ ಅದು.

ಮೇ ತಿಂಗಳು ಬಂತು, ಮದುವೆಯ ದಿನವೂ ಬಂತು. ಬೆಳಗಿನಿಂದ ಫೋನಿನಲ್ಲಿ ಗುಡುಗಿನ ಚಿತ್ರ ತೋರಿಸುತ್ತಿತ್ತು. ಬರಲಿ ಎಂದೆ, ಈ ಜನ್ಮದಲ್ಲಿ ಮೊದಲ ಬಾರಿಗೆ ಮಳೆಗಾಗಿ ಮನಸಾರೆ ಹಾರೈಸಿದೆ. ಒಂದು ಒಳ್ಳೆಯ ಗಾಳಿ ಬೀಸಿ ಸುತ್ತಲಿನ ಚಪ್ಪರಗಳೆಲ್ಲ ಹಾರಿದ್ದರೆ ನನ್ನ ಸೋಲಿಗೆ ಒಂದು ಮರ್ಯಾದೆಯಾದರೂ ಇರುತ್ತಿತ್ತು. ಧಾರೆಯಾಯಿತು, ಊಟವಾಯಿತು, ಮಧ್ಯಾಹ್ನ ಸಂಜೆಯಾಯಿತು. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಹಿಂದಿನ ದಿನ ಎಲ್ಲೋ ಸುರಿದ ಮಳೆಯ ತಂಪು ಹೊತ್ತ ಸಣ್ಣ ಗಾಳಿ, ಅದೂ ತೋರಣದ ಎಲೆ ಅಲುಗದಷ್ಟು. ಛತ್ರದ ಒಳಗೇ ಸೆಕೆ. ನೆಂಟರೆಲ್ಲ ಎಲೆಯಡಿಕೆ ಹಿಡಿದು ಹೊರಗೆ ಬಂದು ಬಯಲಿನಲ್ಲಿ ನಿಂತು, "ಏನ್ ಹವಾ, ಏನ್ ಹವಾ" ಅನ್ನುತ್ತಿದ್ದರು. ನಾನು ಹಿಂಬಾಗಿಲಿನಲ್ಲಿ ಒಬ್ಬನೇ ನಿಂತು ಆಕಾಶವನ್ನು, ಮದುವೆಯ ದಿನ ಹೆಣ್ಣಿನ ತಂದೆ ಆಡಬಾರದ ಮಾತುಗಳಲ್ಲಿ ಬೈಯುತ್ತಿದ್ದೆ.

ಆಗ ಕಂಡವನು ಪುಟ್ಟಸ್ವಾಮಿ, ಕೈಯಲ್ಲಿ ತಾಂಬೂಲದ ಚೀಲ. ಹಿಡಿದು ನಿಲ್ಲಿಸಿದೆ. "ಏನಪ್ಪಾ, ಅವತ್ತು ಹೇಳದೆ ಎದ್ದು ಹೋದೆ? ಮನೆ ಎಲ್ಲೀಗೆ ಬಂತು?"

"ಮುಗೀತು ಸಾ. ಶ್ರಾವಣದಾಗೆ ಮಾಡನಾ ಅಂತ. ಆದ್ರೆ ಅವತ್ತು ನೀವೇಳಿದ್ದ ಕೇಳಿ ನಮ್ಮೆಂಗಸ್ರು ಎದ್ರಿಕೊಂಡು ಶಾಮಿಯಾನನೇ ಬ್ಯಾಡ ಅಂತಾವ್ರೆ. ಒಳೆ ಬತ್ತದೆ, ಕುರ್ಚಿ ತೇಲೋಯ್ತವೆ ಅಂದ್ರಲ್ಲ."

ನನಗೆ ಮೈಯೆಲ್ಲ ಬೆಂಕಿಯಾಯಿತು. "ಶ್ರಾವಣದಲ್ಲಾ? ಹೆಮ್ಮರಗಾಲಕ್ಕೂ ಹೊಳೆಗೂ ಏನಯ್ಯಾ ಸಂಬಂಧ? ಶ್ರಾವಣದಂಥ ತಿಂಗಳು ವರ್ಷದಲ್ಲಿ ಇನ್ನೊಂದಿದೆಯೇನು? ಬಿಸಿಲಿಲ್ಲ, ಮಳೆಯಿಲ್ಲ, ತಂಪು ಅಂದ್ರೆ ತಂಪು. ಯಾವನೋ ತಲೆಕೆಟ್ಟೋನು ಹೇಳಿದ ಅಂತ ಮನೆ ಮುಂದೆ ಶಾಮಿಯಾನ ಇಲ್ಲದೆ ಗೃಹಪ್ರವೇಶ ಮಾಡ್ತಾರೇನು? ಹೊಸ ಹಗ್ಗ ಹಾಕಿ ಕೊಡ್ತೀನಿ, ನಾಳೇನೇ ಬಾ!"

ಪುಟ್ಟಸ್ವಾಮಿ ನನ್ನ ಭುಜದಾಚೆ ನೋಡಿ ನಗತೊಡಗಿದ. ತಿರುಗಿದೆ. ಶಿವಮಲ್ಲಪ್ಪನವರು ಎಲೆಯಡಿಕೆ ಜಗಿಯುತ್ತ ನಿಂತಿದ್ದರು.

"ಓಗಪ್ಪಾ ಪುಟ್ಟಸ್ವಾಮಿ, ಬುಕ್ ಮಾಡು" ಎಂದರು. "ಇವರ ಮನೆ ಮದ್ವೆ ಮುಗೀತಲ್ಲ. ಇನ್ನು ವರ್ಷಪೂರ್ತಿ ಅವಾ ಚೆನ್ನಾಗಿರ್ತದೆ."